ಹಾರ್ಟ್ ಅಟ್ಯಾಕ್ ಆದ ಮೇಲೆ ಯಾರಿಗೆ ಯಾವ ಸ್ಕ್ಯಾನ್ ಬೇಕು? ಅಪ್ಪನ ಇಎಫ್ 35, ಚಿಕ್ಕಪ್ಪನದು 55

ಅರೇಹಳ್ಳಿ_ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮದು ಬೇಲೂರು ತಾಲ್ಲೂಕು, ಅರೇಹಳ್ಳಿ ಹತ್ತಿರ ಸಣ್ಣ ಕಾಫಿ ತೋಟ. ಅಪ್ಪನಿಗೆ 61 ವರ್ಷ, ಶುಗರ್ ಇದೆ. ನವೆಂಬರ್ 18ರ ಬೆಳಗ್ಗೆ ಕಣದಲ್ಲಿ ಕಾಫಿ ಹರಡಿಸುತ್ತಿದ್ದಾಗ ಎದೆನೋವು ಬಂತು, ಮೈಯೆಲ್ಲ ಬೆವರು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದವರೇ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಕ್ಲಾಟ್ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಕೊಟ್ಟು ಹಾಸನಕ್ಕೆ ಕಳಿಸಿದರು. ಮಾರನೇ ದಿನ ಆಂಜಿಯೋಗ್ರಾಂ ಆಯಿತು, ಒಂದು ಸ್ಟೆಂಟ್ ಹಾಕಿದರು. ಈಗ ಮನೆಯಲ್ಲಿದ್ದಾರೆ. ಅಂಗಳದಲ್ಲಿ ಓಡಾಡುತ್ತಾರೆ, ಉಬ್ಬು ಹತ್ತಿದರೆ ಸ್ವಲ್ಪ ಏದುಸಿರು.

ಡಿಸ್ಚಾರ್ಜ್ ಹಾಳೆಯಲ್ಲಿ ಇರುವುದು ಹೀಗೆ: ಆಂಟೀರಿಯರ್ ವಾಲ್ ಎಂಐ (ಮುಂದಿನ ಗೋಡೆಯ ಅಟ್ಯಾಕ್), ಎಲ್‌ಎಡಿ ಅನ್ನುವ ಮುಂಭಾಗದ ನಾಳಕ್ಕೆ ಸ್ಟೆಂಟ್, ಉಳಿದ ನಾಳಗಳಲ್ಲಿ ಸಣ್ಣಪುಟ್ಟ ಕೊಬ್ಬು ಮಾತ್ರ, ಎಪೆಕ್ಸ್ ಅಕೈನೆಟಿಕ್ (ಹೃದಯದ ತುದಿ ಅಲುಗಾಡುತ್ತಿಲ್ಲ), ಇಎಫ್ (ಹೃದಯದ ಪಂಪಿಂಗ್) 35%, ಕ್ಲಾಟ್ ಇಲ್ಲ. ಕೊನೆಯಲ್ಲಿ, 6 ವಾರ ಬಿಟ್ಟು ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿಸಿಕೊಂಡು ಬನ್ನಿ ಅಂತ ಬರೆದಿದ್ದಾರೆ.

ಇಷ್ಟೇ ಆಗಿದ್ದರೆ ನಾನು ಸುಮ್ನೆ ಇರುತ್ತಿದ್ದೆ. ಆದರೆ ನೋಡಲು ಬಂದವರೆಲ್ಲ ಒಂದೊಂದು ಹೇಳಿ ಹೋಗುತ್ತಿದ್ದಾರೆ. ಬೆಂಗಳೂರಿನ ದೊಡ್ಡಮ್ಮನ ಮಗ, ಹಾರ್ಟಿನ ಎಂಆರ್‌ಐ ಮಾಡಿಸದಿದ್ದರೆ ಏನೂ ಗೊತ್ತಾಗಲ್ಲ ಅನ್ನುತ್ತಾನೆ. ಪಕ್ಕದ ತೋಟದವರು ಥಾಲಿಯಂ ಸ್ಕ್ಯಾನ್ ಅನ್ನುತ್ತಾರೆ. ಇನ್ನೊಬ್ಬರು, 35% ಅಂದರೆ ಹೃದಯ ಮೂರನೇ ಒಂದು ಪಾಲು ಮಾತ್ರ ಕೆಲಸ ಮಾಡುತ್ತಿದೆ, ಈಗಲೇ ಶಾಕ್ ಕೊಡುವ ಮೆಷಿನ್ ಹಾಕಿಸಿ ಅಂದರು. ಅಮ್ಮ ಅದನ್ನು ಕೇಳಿ ರಾತ್ರಿ ನಿದ್ದೆ ಮಾಡುತ್ತಿಲ್ಲ.

ಇನ್ನೊಂದು ವಿಷಯ. ಚಿಕ್ಕಪ್ಪನಿಗೂ ಹೋದ ವರ್ಷ ಅಟ್ಯಾಕ್ ಆಗಿತ್ತು. ಅವರದು ಇನ್‌ಫೀರಿಯರ್ ವಾಲ್ (ಕೆಳಗಿನ ಗೋಡೆ), ಸ್ಟೆಂಟ್ ಆಗಿದೆ, ಇಎಫ್ 55%. ಆರಾಮಾಗಿ ಗುಡ್ಡ ಹತ್ತಿ ಇಳಿಯುತ್ತಾರೆ. ಆದರೆ 2025ರ ಜೂನ್, ಜುಲೈಯಲ್ಲಿ ಹಾಸನದಲ್ಲಿ ಒಬ್ಬರ ಹಿಂದೊಬ್ಬರು ಹಾರ್ಟ್ ಅಟ್ಯಾಕ್‌ನಿಂದ ತೀರಿಕೊಂಡ ಸುದ್ದಿ ಟಿವಿಯಲ್ಲಿ ಬಂದಾಗಿನಿಂದ ಹೆದರಿದ್ದಾರೆ. ಒಂದು ಕ್ಯಾಂಪಿನಲ್ಲಿ ಸಿಟಿ ಆಂಜಿಯೋ (ಹೃದಯದ ನಾಳ ನೋಡುವ ಸಿಟಿ ಸ್ಕ್ಯಾನ್) ಕಮ್ಮಿ ದುಡ್ಡಿಗೆ ಮಾಡುತ್ತಾರಂತೆ, ವರ್ಷಕ್ಕೊಮ್ಮೆ ಮಾಡಿಸಿದರೆ ಒಳ್ಳೆಯದಂತೆ.

ಒಂದೇ ಮನೆಯಲ್ಲಿ ಇಬ್ಬರು. ಯಾರಿಗೆ ಯಾವುದು ಬೇಕು, ಯಾವುದು ಬೇಡ? ಗೊತ್ತಿದ್ದವರು ದಯವಿಟ್ಟು ಹೇಳಿ.

ಕೊಪ್ಪ_ಸೀಮೆ

ಅಕ್ಕ, ನಾನು ಡಾಕ್ಟರ್ ಅಲ್ಲ. ನಮ್ಮಮ್ಮನದು ನಿಮ್ಮಪ್ಪನ ಥರದ್ದೇ, ಮುಂದಿನ ಗೋಡೆ. ಅದಕ್ಕೇ ಬರೆಯುತ್ತಿದ್ದೇನೆ.

ಆಸ್ಪತ್ರೆಯಲ್ಲಿದ್ದಾಗ ಎಕೋದಲ್ಲಿ ಕ್ಲಾಟ್ ಇರಲಿಲ್ಲ. ಮನೆಗೆ ಬಂದು ಎರಡು ವಾರಕ್ಕೆ ರಿವ್ಯೂಗೆ ಹೋದಾಗ ಡಾಕ್ಟರ್ ಇನ್ನೊಮ್ಮೆ ಎಕೋ ಬರೆದರು. ಅಮ್ಮ ಚೆನ್ನಾಗಿದ್ದಾರಲ್ಲ, ಯಾಕೆ ಮತ್ತೆ ಅಂತ ನನಗೂ ಅನಿಸಿತ್ತು. ಅದರಲ್ಲೇ ಹೃದಯದ ತುದಿಯಲ್ಲಿ ರಕ್ತ ಹೆಪ್ಪುಗಟ್ಟಿದ್ದು ಕಂಡಿತು. ಅದು ಕಿತ್ತುಕೊಂಡು ಮೆದುಳಿಗೆ ಹೋದರೆ ಸ್ಟ್ರೋಕ್ ಅಂತ ಹೇಳಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ಶುರು ಮಾಡಿದರು. ಆ ಮಾತ್ರೆಯ ಪ್ರಮಾಣ ನೋಡುವ ಐಎನ್‌ಆರ್ ಟೆಸ್ಟಿಗೆ ಕೊಪ್ಪದಿಂದ ಓಡಾಟ ಕಷ್ಟವೇ ಆಯಿತು. ಮೂರು ತಿಂಗಳು ಬಿಟ್ಟು ಎಕೋ ಮಾಡಿದಾಗ ಕರಗಿತ್ತು, ಮಾತ್ರೆ ನಿಲ್ಲಿಸಿದರು.

ಅಮ್ಮನಿಗೆ ಆಗ ಯಾವ ತೊಂದರೆಯೂ ಇರಲಿಲ್ಲ. ನೋವಿಲ್ಲ, ಉಬ್ಬಸವಿಲ್ಲ. ಎಕೋ ಮಾಡದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಬೇರೆ ಸ್ಕ್ಯಾನ್ ಬಗ್ಗೆ ನನಗೆ ಗೊತ್ತಿಲ್ಲ, ಆದರೆ ಆ ಎಕೋ ಮಾತ್ರ ಬಿಡಬೇಡಿ ಅಕ್ಕ.

ಎಕೋ_ರೂಮ್_ಹಾಸನ

ನಾನು ಹಾಸನದಲ್ಲಿ ಎಕೋ ಟೆಕ್ನಿಷಿಯನ್. ದಿನವಿಡೀ ಇದೇ ಕೆಲಸ. ಚಿಕಿತ್ಸೆ ಏನು ಅಂತ ಹೇಳುವವಳು ನಾನಲ್ಲ, ಅದು ಡಾಕ್ಟರ್ ಕೆಲಸ. ಆದರೆ ಯಾರಿಗೆ ಯಾಕೆ ಎಕೋ ಬರೆಯುತ್ತಾರೆ ಅಂತ ನೋಡಿ ನೋಡಿ ಗೊತ್ತಾಗಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ನಿಮ್ಮ ಮನೆಯ ಕಥೆಯೇ ನಮ್ಮ ರೂಮಿನ ಮುಂದೆ ಬೆಂಚಿನ ಮೇಲೆ ದಿನಾ ಕೂತಿರುತ್ತದೆ.

ಮೊದಲು ಆ 35ರ ವಿಷಯ. ಅಮ್ಮನಿಗೆ ಇವತ್ತೇ ಹೇಳಿ. ಇಎಫ್ ಅಂದರೆ ನೂರಕ್ಕೆ ಇಷ್ಟು ಮಾರ್ಕ್ಸ್ ಅಂತಲ್ಲ. ಎಡಗಡೆ ಕೋಣೆ ತುಂಬಿದಾಗ ಇರುವ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಪಾಲು ಹೊರಗೆ ಹೋಗುತ್ತದೆ ಅನ್ನುವ ಲೆಕ್ಕ. ಚೆನ್ನಾಗಿರುವ ಹೃದಯವೂ ಪೂರ್ತಿ ಖಾಲಿ ಮಾಡುವುದಿಲ್ಲ, 55ರಿಂದ 70ರವರೆಗೆ ಇರುತ್ತದೆ. ಅಪ್ಪನದು ಕಮ್ಮಿ ನಿಜ. ಮೂರನೇ ಒಂದು ಪಾಲು ಹೃದಯ ಅನ್ನುವುದು ತಪ್ಪು.

ಎರಡನೆಯದು, ಆ ನಂಬರ್ ತೆಗೆದದ್ದು ಯಾವಾಗ? ಅಟ್ಯಾಕ್ ಆದ ಒಂದೆರಡು ದಿನಕ್ಕೆ ಅಲ್ವಾ. ಆಗ ಸ್ನಾಯುವಿನಲ್ಲಿ ಸ್ವಲ್ಪ ಭಾಗ ಸತ್ತಿರುತ್ತದೆ, ಸ್ವಲ್ಪ ಭಾಗ ಬದುಕಿದ್ದೂ ಮಂಕು ಬಡಿದು ಕೂತಿರುತ್ತದೆ. ಏಪ್ರಿಲ್ ಬಿಸಿಲಿಗೆ ಬಾಡಿ ಜೋತುಬಿದ್ದ ಕಾಫಿ ಗಿಡ ನೋಡಿದರೆ ಯಾವುದು ಒಣಗಿದೆ, ಯಾವುದು ಮಳೆ ಬಿದ್ದರೆ ಚಿಗುರುತ್ತದೆ ಅಂತ ಆವತ್ತೇ ಹೇಳಲು ಬರುವುದಿಲ್ಲ, ಹಾಗೆ. ನಾಳ ತೆರೆದು ರಕ್ತ ಹರಿದ ಮೇಲೆ ಆ ಮಂಕು ಭಾಗ ದಿನಗಳಲ್ಲಿ, ವಾರಗಳಲ್ಲಿ ಎದ್ದು ಕೆಲಸ ಶುರು ಮಾಡಬಹುದು. ಹೀಗಾಗಿ ಮೊದಲ ಎಕೋದ ಇಎಫ್ ಹಿಡಿದುಕೊಂಡು ದೊಡ್ಡ ತೀರ್ಮಾನ ಮಾಡುವುದಿಲ್ಲ.

ಆ ಮೊದಲ ಎಕೋ ಮಾತ್ರ ಎಲ್ಲರಿಗೂ ಬೇಕು. ಅಟ್ಯಾಕ್ ಸಣ್ಣದೋ ದೊಡ್ಡದೋ, ಆಸ್ಪತ್ರೆಯಿಂದ ಹೊರಡುವ ಮುಂಚೆ ಒಂದು ಆಗಲೇಬೇಕು. ಪಂಪಿಂಗ್ ಎಷ್ಟಿದೆ, ಯಾವ ಗೋಡೆ ಅಲುಗಾಡುತ್ತಿಲ್ಲ, ಮೈಟ್ರಲ್ ವಾಲ್ವ್ ಸೋರುತ್ತಿದೆಯಾ, ಕ್ಲಾಟ್ ಇದೆಯಾ, ಹೃದಯದ ಸುತ್ತ ನೀರು ತುಂಬಿದೆಯಾ, ಎಲ್ಲ ಅದರಲ್ಲೇ ಗೊತ್ತಾಗುತ್ತದೆ. ಎಕ್ಸ್‌ರೇ ಕಿರಣ ಇಲ್ಲ, ಡೈ ಇಲ್ಲ, ಮಂಚದ ಹತ್ತಿರವೇ ಮೆಷಿನ್ ತಂದು ಮಾಡಬಹುದು.

ಜನ ಬಿಡುವುದು ಎರಡನೇ ಎಕೋ. ನನಗೆ ಜಾಸ್ತಿ ಬೇಜಾರಾಗುವುದೂ ಇದಕ್ಕೇ. ಮೊದಲ ಸಲ ಇಎಫ್ 40 ಅಥವಾ ಅದಕ್ಕಿಂತ ಕೆಳಗೆ ಇದ್ದವರಿಗೆ 6ರಿಂದ 12 ವಾರದೊಳಗೆ ಮತ್ತೆ ಎಕೋ ಮಾಡಲೇಬೇಕು. ಡಿಸ್ಚಾರ್ಜ್ ಹಾಳೆಯ ಕೊನೇ ಸಾಲಿನಲ್ಲಿ ಬರೆದಿರುತ್ತಾರೆ. ಅಷ್ಟರಲ್ಲಿ ನೋವು ಹೋಗಿರುತ್ತದೆ, ಕೊಯ್ಲು ಬಂದಿರುತ್ತದೆ, ಆಳು ಸಿಕ್ಕಿರುವುದಿಲ್ಲ. ಬರುವುದೇ ಇಲ್ಲ. ಅದೇ ಮನೆಯವರು ಬೇಡದ ಸಿಟಿ ಸ್ಕ್ಯಾನಿಗೆ ಸಾವಿರಗಟ್ಟಲೆ ಕೊಟ್ಟಿರುತ್ತಾರೆ. ಬೇಕಾದದ್ದು ಕಮ್ಮಿ ಖರ್ಚಿನದು, ಅದನ್ನೇ ಬಿಟ್ಟಿರುತ್ತಾರೆ.

ಕೊಪ್ಪದ ಅಣ್ಣ ಹೇಳಿದ ಮಾತು ಪೂರ್ತಿ ಸರಿ. ಮುಂದಿನ ಗೋಡೆಯ ಅಟ್ಯಾಕ್‌ನಲ್ಲಿ ತುದಿ ಅಲುಗಾಡದಿದ್ದರೆ ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ನಿಮ್ಮಪ್ಪನದೂ ಎಪೆಕ್ಸ್ ಅಕೈನೆಟಿಕ್. ಮೊದಲ ಒಂದೆರಡು ದಿನದಲ್ಲಿ ಇಲ್ಲದ ಕ್ಲಾಟ್ ಎರಡು ವಾರದೊಳಗೆ ಬಂದಿರಬಹುದು. ಕೆಲವೊಮ್ಮೆ ತುದಿ ನಮ್ಮ ಮೆಷಿನ್ನಿಗೆ ಸರಿಯಾಗಿ ಕಾಣುವುದಿಲ್ಲ. ಬೀಡಿ ಸೇದಿ ಶ್ವಾಸಕೋಶ ಉಬ್ಬಿದವರಿಗೆ, ದಪ್ಪ ಇರುವವರಿಗೆ ಹೀಗಾಗುತ್ತದೆ. ಆಗ ಕಾಂಟ್ರಾಸ್ಟ್ ಹಾಕಿ ಎಕೋ ಮಾಡಬಹುದು, ಅನುಮಾನ ಉಳಿದರೆ ಎಂಆರ್‌ಐ. ಕ್ಲಾಟ್ ಹಿಡಿಯುವುದರಲ್ಲಿ ಎಂಆರ್‌ಐ ಎಕೋಗಿಂತ ಮುಂದೆ.

ಇನ್ನೊಂದು ಮಾತು. 35 ಇದ್ದದ್ದು 38 ಆದರೆ ಹಿಗ್ಗಬೇಡಿ, 33 ಆದರೆ ಕುಗ್ಗಬೇಡಿ. ಮಾಡುವ ಕೈ ಬದಲಾದರೆ ಅಷ್ಟು ಆಚೀಚೆ ಆಗುತ್ತದೆ. ಕಣ್ಣಳತೆಯಲ್ಲಿ ಹೇಳುವ ಇಎಫ್ ಇರುತ್ತದೆ, ಎರಡು ಕೋನದಿಂದ ಒಳಗೋಡೆಯ ಗೆರೆ ಎಳೆದು ಲೆಕ್ಕ ಹಾಕುವ ಸಿಂಪ್ಸನ್ ವಿಧಾನ ಇರುತ್ತದೆ. 35ರ ಆಸುಪಾಸಿನಲ್ಲಿ ಇರುವವರು ಆ ಎರಡನೆಯದನ್ನೇ ಕೇಳಿ ಮಾಡಿಸಿ. ಯಾಕೆಂದರೆ ಶಾಕ್ ಮೆಷಿನ್ ಬೇಕೋ ಬೇಡವೋ ಅನ್ನುವ ಗೆರೆ ಇರುವುದು ಅಲ್ಲೇ.

ಮೆಷಿನ್ ಹಾಕಿಸುವ ವಿಷಯ ನಾನು ಹೇಳಿದರೆ ಸರಿಯಲ್ಲ. ಇಲ್ಲಿ ಡಾಕ್ಟರ್ ಯಾರಾದರೂ ಇದ್ದರೆ ಬರೆಯಲಿ.

ಅರೇಹಳ್ಳಿ_ಮಗಳು

ಮೇಡಂ, ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಓದಿ ಹೇಳಿದೆ. ನೂರಕ್ಕೆ ನೂರು ಯಾರಿಗೂ ಇರಲ್ಲ ಅಂತ ಗೊತ್ತಾದ ಮೇಲೆ ಸ್ವಲ್ಪ ಗೆಲುವಾದರು.

ಎಂಆರ್‌ಐ ಬಗ್ಗೆ ಇನ್ನೂ ತಲೆಯಲ್ಲಿದೆ. ಸ್ಟೆಂಟ್ ಲೋಹದ್ದಲ್ವಾ, ಎಂಆರ್‌ಐ ಮಾಡಿಸಬಹುದಾ? ಅಪ್ಪನ ಕಿಡ್ನಿ ಟೆಸ್ಟಿನಲ್ಲಿ ಕ್ರಿಯಾಟಿನೈನ್ 1.6 ಇದೆ. ದೊಡ್ಡಮ್ಮನ ಮಗ ಫೋನ್ ಮಾಡಿದಾಗೆಲ್ಲ ಅದನ್ನೇ ಕೇಳುತ್ತಾನೆ.

ಗಿರಿ_ಫಿಜಿಶಿಯನ್

ನೋಡಮ್ಮಾ, ನಾನು ಚಿಕ್ಕಮಗಳೂರಿನಲ್ಲಿ ಫಿಜಿಶಿಯನ್, ಈಗ ನಿವೃತ್ತ. ಎಕೋ ರೂಮಿನವರು ಬರೆದದ್ದು ಅಕ್ಷರಶಃ ಒಪ್ಪುತ್ತೇನೆ. ಉಳಿದದ್ದು ನಾನು ಹೇಳುತ್ತೇನೆ.

ಯಾವುದೇ ಸ್ಕ್ಯಾನ್ ಬರೆಯುವ ಮುಂಚೆ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತಿದ್ದೆ. ಇದರ ಉತ್ತರ ಬಂದರೆ ನಾಳೆ ಬೆಳಗ್ಗೆ ಈ ರೋಗಿಗೆ ನಾನು ಮಾಡುವುದು ಏನಾದರೂ ಬದಲಾಗುತ್ತದಾ? ಬದಲಾಗುವುದಾದರೆ ದೂರವಾದರೂ ಸರಿ, ಖರ್ಚಾದರೂ ಸರಿ, ಮಾಡಿಸಬೇಕು. ಇಲ್ಲದಿದ್ದರೆ ಬಡವರ ದುಡ್ಡು ಅದು.

ಶಾಕ್ ಮೆಷಿನ್ ಅಂದರೆ ಐಸಿಡಿ. ಇಎಫ್ ತೀರಾ ಕಮ್ಮಿ ಉಳಿದವರಲ್ಲಿ ಹೃದಯದ ತಾಳ ಹಠಾತ್ತನೆ ಕೆಟ್ಟು ಸಾವು ಬರಬಹುದು, ಅದನ್ನು ತಡೆಯಲು. 2002ರ ಮ್ಯಾಡಿಟ್-2 ಅಧ್ಯಯನದಲ್ಲಿ ಅಟ್ಯಾಕ್ ಆಗಿ ತಿಂಗಳಾದರೂ ಕಳೆದು ಇಎಫ್ 30 ಅಥವಾ ಕೆಳಗೆ ಇದ್ದವರಿಗೆ ಹಾಕಿದರು, ಸಾವು ಕಮ್ಮಿ ಆಯಿತು. ಹಾಗಾದರೆ ಬೇಗ ಹಾಕಿದರೆ ಇನ್ನೂ ಒಳ್ಳೆಯದಲ್ಲವಾ ಅಂತ ಅನಿಸುವುದು ಸಹಜ. ಅದನ್ನೂ ನೋಡಿದರು. 2004ರ ಡಿನಮಿಟ್ ಅಧ್ಯಯನದಲ್ಲಿ 674 ರೋಗಿಗಳು, ಅಟ್ಯಾಕ್ ಆಗಿ 6ರಿಂದ 40 ದಿನದೊಳಗೆ ಅರ್ಧ ಜನಕ್ಕೆ ಮೆಷಿನ್. ತಾಳ ಕೆಟ್ಟು ಸಾಯುವುದು ಕಮ್ಮಿ ಆಯಿತು, ಆದರೆ ಬೇರೆ ಕಾರಣದ ಸಾವು ಹೆಚ್ಚಿತು. ಒಟ್ಟು ಲೆಕ್ಕದಲ್ಲಿ ಲಾಭ ಇಲ್ಲ. ಅದಕ್ಕೇ ಈಗ ಅಟ್ಯಾಕ್ ಆಗಿ 40 ದಿನ, ಸ್ಟೆಂಟ್ ಹಾಕಿದ್ದರೆ 90 ದಿನ ಕಾಯುತ್ತೇವೆ. ಸುಮ್ನೆ ಕಾಯುವುದಲ್ಲ. ಬೀಟಾ ಬ್ಲಾಕರ್, ಎಸಿಇ ಇನ್ಹಿಬಿಟರ್ ಅಥವಾ ಅದರ ಹೊಸ ತಮ್ಮ ಎಆರ್‌ಎನ್‌ಐ, ಸ್ಪೈರೊನೊಲ್ಯಾಕ್ಟೋನ್, ಡಪಾಗ್ಲಿಫ್ಲೋಜಿನ್, ಇವುಗಳನ್ನು ಬಿಪಿ, ಪೊಟಾಸಿಯಂ, ಕ್ರಿಯಾಟಿನೈನ್ ನೋಡಿಕೊಂಡು ಮೆಲ್ಲಗೆ ಏರಿಸುತ್ತಾ ಕಾಯುವುದು. ಎಷ್ಟೋ ಜನರ ಇಎಫ್ ಈ ಮಾತ್ರೆಗಳಲ್ಲೇ ಗೆರೆ ದಾಟಿ ಮೇಲೆ ಬರುತ್ತದೆ. ಆಮೇಲೂ 35 ಅಥವಾ ಕೆಳಗೆ ಇದ್ದು ನಡೆದರೆ ಏದುಸಿರು ಇದ್ದರೆ, ಅಥವಾ ಯಾವ ತೊಂದರೆ ಇಲ್ಲದಿದ್ದರೂ 30 ಮುಟ್ಟಿದ್ದರೆ, ಆಗ ಐಸಿಡಿ ಮಾತು.

ಒಂದು ಎಚ್ಚರ ಇದೆ. ಅಟ್ಯಾಕ್ ಆಗಿ ಎರಡು ದಿನ ಕಳೆದ ಮೇಲೆ ಮಾನಿಟರಿನಲ್ಲಿ ವಿಟಿ, ವಿಎಫ್ ಅನ್ನುವ ಅಪಾಯದ ತಾಳ ಬಂದವರಿಗೆ, ಮನೆಯಲ್ಲಿ ಕಣ್ಣು ಕತ್ತಲೆ ಬಂದು ಪ್ರಜ್ಞೆ ತಪ್ಪಿ ಬಿದ್ದವರಿಗೆ ಈ ಕಾಯುವ ಲೆಕ್ಕ ಇಲ್ಲ. ಅವರು ಆ ದಿನವೇ ಕಾರ್ಡಿಯಾಲಜಿಸ್ಟ್ ಹತ್ತಿರ ಹೋಗಬೇಕು. ಹಾಗೇ ಮೊದಲ ವಾರದಲ್ಲಿ ಇದ್ದಕ್ಕಿದ್ದಂತೆ ಉಸಿರು ಕಟ್ಟಿ, ಬಿಪಿ ಬಿದ್ದರೆ, ಡಾಕ್ಟರಿಗೆ ಎದೆಯಲ್ಲಿ ಹೊಸ ಸದ್ದು (ಮರ್ಮರ್) ಕೇಳಿಸಿದರೆ ತಕ್ಷಣ ಎಕೋ. ಗೋಡೆ ತೂತಾಗಿರಬಹುದು, ವಾಲ್ವ್ ಹಿಡಿದ ಸ್ನಾಯು ಹರಿದಿರಬಹುದು. ಮಲಗಿದರೆ ನೋವು ಜಾಸ್ತಿ, ಮುಂದಕ್ಕೆ ಬಾಗಿ ಕೂತರೆ ಕಮ್ಮಿ, ಜೊತೆಗೆ ಜ್ವರ ಅಂತ ಕೆಲವು ವಾರ ಬಿಟ್ಟು ಬರುವವರಿಗೂ ಎಕೋ ಬೇಕು. ಹೃದಯದ ಹೊದಿಕೆ ಊದಿ ನೀರು ತುಂಬಿರಬಹುದು.

ಎಂಆರ್‌ಐ. ಸ್ಟೆಂಟ್ ಅಡ್ಡಿಯಲ್ಲ, ಈಗಿನ ಸ್ಟೆಂಟ್ ಇರುವವರಿಗೆ ಹಾಕಿದ ಮರುದಿನವೇ ಬೇಕಾದರೂ ಮಾಡಬಹುದು. ಗ್ಯಾಡೊಲಿನಿಯಂ ಡೈಗೆ ಕಿಡ್ನಿ ನೋಡಬೇಕು, ಇಜಿಎಫ್‌ಆರ್ (ಕಿಡ್ನಿ ಎಷ್ಟು ಸೋಸುತ್ತದೆ ಅನ್ನುವ ಲೆಕ್ಕ) 30ಕ್ಕಿಂತ ಕೆಳಗೆ ಇದ್ದವರಲ್ಲಿ ಜಾಸ್ತಿ ಯೋಚನೆ. 61 ವರ್ಷದ ಗಂಡಸಿಗೆ 1.6 ಅಂದರೆ ಅಷ್ಟು ಕೆಳಗೆ ಹೋಗಿರುವುದಿಲ್ಲ. ಮಾಡಿಸಲು ಬರುತ್ತದೆ ಅನ್ನುವುದು ಬೇರೆ, ಮಾಡಿಸಬೇಕಾ ಅನ್ನುವುದು ಬೇರೆ. ನಿಮ್ಮಪ್ಪನಿಗೆ ಅಟ್ಯಾಕ್ ಯಾಕಾಯಿತು ಅಂತ ಗೊತ್ತಿದೆ. ಯಾವ ನಾಳ ಅಂತ ಗೊತ್ತಿದೆ. ಅದನ್ನು ತೆರೆದೂ ಆಗಿದೆ. ಎಕೋದಲ್ಲಿ ತುದಿ ಚೆನ್ನಾಗಿ ಕಂಡರೆ ಎಂಆರ್‌ಐನಿಂದ ಹೊಸದಾಗಿ ಮಾಡುವುದೇನೂ ಇಲ್ಲ. ದೊಡ್ಡಮ್ಮನ ಮಗನಿಗೆ ಹೀಗೇ ಹೇಳಿಬಿಡಿ.

ಥಾಲಿಯಂ ಸ್ಕ್ಯಾನ್ ಅಂತ ಜನ ಈಗಲೂ ಅನ್ನುತ್ತಾರೆ, ಬಹುತೇಕ ಕಡೆ ಬಳಸುವುದು ಟೆಕ್ನೀಷಿಯಂ. ಯಾವ ಸ್ನಾಯುವಿಗೆ ರಕ್ತ ಸಾಲುತ್ತಿಲ್ಲ, ಯಾವುದರಲ್ಲಿ ಇನ್ನೂ ಜೀವ ಇದೆ ಅಂತ ನೋಡಲು. ನಾಳ ತೆರೆಯದೇ ಉಳಿದವರಲ್ಲಿ, ಇನ್ನೊಂದು ನಾಳದಲ್ಲಿ ಅನುಮಾನದ ಬ್ಲಾಕ್ ಇದ್ದು ನೋವೂ ಇರುವವರಲ್ಲಿ ಅದಕ್ಕೆ ಅರ್ಥ ಇದೆ. ಅಲ್ಲೂ ಮೊದಲಿದ್ದಷ್ಟು ನಂಬಿಕೆ ಈಗಿಲ್ಲ. 2022ರ ರಿವೈವ್ಡ್ ಅಧ್ಯಯನದಲ್ಲಿ ಇಎಫ್ 35ರ ಒಳಗಿದ್ದು, ಸ್ನಾಯುವಿನಲ್ಲಿ ಜೀವ ಇದೆ ಅಂತ ಸ್ಕ್ಯಾನಿನಲ್ಲಿ ಕಂಡವರಿಗೆ ಸ್ಟೆಂಟ್ ಹಾಕಿದರೂ ಮಾತ್ರೆ ಮಾತ್ರ ಕೊಟ್ಟವರಿಗಿಂತ ಆಯಸ್ಸು ಹೆಚ್ಚಲಿಲ್ಲ.

ಈಗ ನಿಮ್ಮ ಚಿಕ್ಕಪ್ಪ. ಅವರ ಭಯ ನನಗೆ ಅರ್ಥವಾಗುತ್ತದೆ. ಆಗ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನಿಂದಲೇ ಸಾಲು ನಿಂತವರಲ್ಲಿ ನಮ್ಮ ಕಡೆಯವರೂ ಇದ್ದರು. ಸರ್ಕಾರ ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿ ಪರಿಶೀಲಿಸಿತು. ತೀರಿಕೊಂಡವರಲ್ಲಿ ಬಹಳ ಜನಕ್ಕೆ ಶುಗರ್, ಬಿಪಿ, ಸಿಗರೇಟಿನಂಥ ಹಳೇ ಕಾರಣಗಳೇ ಇದ್ದವು. ಚಿಕ್ಕಪ್ಪ ಹೆದರಬೇಕಾದದ್ದು ಅವಕ್ಕೆ. ಇಎಫ್ 55, ಗುಡ್ಡ ಹತ್ತಿದರೂ ನೋವಿಲ್ಲ. ಇಂಥವರಿಗೆ ವರ್ಷ ವರ್ಷ ಸ್ಕ್ಯಾನ್ ಬೇಡ. 2022ರಲ್ಲಿ ಕೊರಿಯಾದಿಂದ ಬಂದ ಪೋಸ್ಟ್-ಪಿಸಿಐ ಅಧ್ಯಯನದಲ್ಲಿ ಸ್ಟೆಂಟ್ ಆದ 1706 ಜನ ಇದ್ದರು, ಅದೂ ಅಪಾಯ ಜಾಸ್ತಿ ಇದ್ದವರೇ. ಅರ್ಧ ಜನಕ್ಕೆ ಒಂದು ವರ್ಷ ತುಂಬಿದಾಗ ಸ್ಟ್ರೆಸ್ ಟೆಸ್ಟ್ ಮಾಡಿದರು, ಅರ್ಧ ಜನಕ್ಕೆ ತೊಂದರೆ ಬಂದರೆ ಮಾತ್ರ. ಎರಡು ವರ್ಷಕ್ಕೆ ವ್ಯತ್ಯಾಸ ಕಾಣಲಿಲ್ಲ. ಇನ್ನು ಸಿಟಿ ಆಂಜಿಯೋದಲ್ಲಿ ಸ್ಟೆಂಟಿನ ಲೋಹ ಹೊಳೆದು ಒಳಗಿನದನ್ನೇ ಮುಚ್ಚಿಬಿಡುತ್ತದೆ, 3 ಮಿಲಿಮೀಟರಿಗಿಂತ ಸಣ್ಣ ಸ್ಟೆಂಟ್ ಆದರಂತೂ ಓದುವುದು ಕಷ್ಟ. ಡೈ, ಕಿರಣ ಬೇರೆ.

ಆ ದುಡ್ಡಲ್ಲಿ ಲಿಪಿಡ್ ಟೆಸ್ಟ್ ಮಾಡಿಸಲಿ. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 55ರ ಒಳಗೆ ಬಂದಿದೆಯಾ ನೋಡಲಿ. ಬಿಪಿ, ಶುಗರ್ ನೋಡಲಿ. ಸೇದುತ್ತಿದ್ದರೆ ಬಿಡಲಿ. ಮುಂದೆ ನಡೆದಾಗ ನೋವು, ಉಬ್ಬಸ ಬಂದರೆ ಆಗ ಟೆಸ್ಟಿಗೆ ಅರ್ಥ. ಕೂತಲ್ಲೇ ನೋವು ಬಂದರೆ ಯಾವ ಸ್ಕ್ಯಾನ್ ಸೆಂಟರಿಗೂ ಹೋಗುವುದು ಬೇಡ, ನೇರ ತುರ್ತು ಘಟಕಕ್ಕೆ, ಇಸಿಜಿಗೆ.

ಮೂಡಿಗೆರೆ_ಮೇಷ್ಟ್ರು

ಸರ್, ನಡುವೆ ಬಂದದ್ದಕ್ಕೆ ಕ್ಷಮಿಸಿ. ನನಗೆ 38. ಹೋದ ವಾರ ಎದೆನೋವು ಬಂದು ಟ್ರೋಪೋನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಏರುವಂಥದ್ದು) ಏರಿತ್ತು, ಅಟ್ಯಾಕ್ ಅಂದರು. ಆಂಜಿಯೋಗ್ರಾಂನಲ್ಲಿ ಬ್ಲಾಕೇ ಇಲ್ಲ. ಎಂಆರ್‌ಐ ಮಾಡಿಸಿ ಅಂತ ಬರೆದಿದ್ದಾರೆ. ಬ್ಲಾಕ್ ಇಲ್ಲ ಅಂದ ಮೇಲೆ ಯಾಕೆ ಅಂತ ಮನೆಯಲ್ಲಿ ಬಿಡುತ್ತಿಲ್ಲ. ಮೇಲೆ ನೀವು ಬರೆದದ್ದು ಓದಿ ಅವರ ಮಾತೇ ಸರಿ ಅನಿಸುತ್ತಿದೆ.

ಗಿರಿ_ಫಿಜಿಶಿಯನ್

ಮೇಷ್ಟ್ರೇ, ನಿಮಗೆ ಬೇಕು. ಈ ಚರ್ಚೆಯಲ್ಲಿ ಎಂಆರ್‌ಐ ನಿಜವಾಗಿ ಬೇಕಾದವರು ನೀವೇ. ನಾಳ ಸರಿ ಇದ್ದೂ ಸ್ನಾಯುವಿಗೆ ಪೆಟ್ಟಾಗಿದೆ. ಕಾರಣ ಹಲವು ಇರಬಹುದು. ವೈರಸ್‌ನಿಂದ ಸ್ನಾಯು ಊದಿದ್ದಿರಬಹುದು, ಅಂದರೆ ಮಯೋಕಾರ್ಡೈಟಿಸ್. ತೀರಾ ಆಘಾತದ ನಂತರ ಬರುವ ಟಾಕೊಟ್ಸುಬೊ ಇರಬಹುದು. ಸಣ್ಣ ಕ್ಲಾಟ್ ಬಂದು ಕರಗಿ ಹೋದ ನಿಜವಾದ ಅಟ್ಯಾಕೇ ಇರಬಹುದು. ಕಲೆ ಎಲ್ಲಿದೆ, ಗೋಡೆಯ ಒಳಪದರದಿಂದ ಶುರುವಾಗಿದೆಯಾ ಅಥವಾ ಹೊರಪದರದಲ್ಲಿ ಇದೆಯಾ ಅಂತ ಎಂಆರ್‌ಐ ತೋರಿಸುತ್ತದೆ. ಒಳಪದರದಿಂದ ಇದ್ದರೆ ಅಟ್ಯಾಕ್, ಆಸ್ಪಿರಿನ್, ಸ್ಟ್ಯಾಟಿನ್ ಮುಂದುವರಿಯುತ್ತದೆ. ಮಯೋಕಾರ್ಡೈಟಿಸ್ ಆದರೆ ಆ ಮಾತ್ರೆಗಳ ಅಗತ್ಯವೇ ಇರದಿರಬಹುದು, ಆದರೆ ಕೆಲವು ತಿಂಗಳು ಓಟ, ಆಟ, ಭಾರ ಎತ್ತುವುದು ಬಿಡಬೇಕು. ಉತ್ತರ ಬಂದರೆ ಚಿಕಿತ್ಸೆ ಬದಲಾಗುತ್ತದೆ, ಅದಕ್ಕೇ ಬೇಕು. ಎರಡು ವಾರದೊಳಗೆ ಮಾಡಿಸಿದರೆ ಊತ ಇನ್ನೂ ಕಾಣುತ್ತದೆ, ತಡ ಮಾಡಬೇಡಿ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಒಳಗೆ ಮಲಗಿರಬೇಕು, ಹೇಳಿದಾಗ ಉಸಿರು ಬಿಗಿಹಿಡಿಯಬೇಕು. ಮುಚ್ಚಿದ ಜಾಗ ಆಗದಿದ್ದರೆ ಮೊದಲೇ ಹೇಳಿ.

ಅರೇಹಳ್ಳಿ_ಮಗಳು

ಡಾಕ್ಟರೇ, ಮೇಡಂ, ಇಬ್ಬರಿಗೂ ಕೈಮುಗಿಯುತ್ತೇನೆ. ಚಿಕ್ಕಪ್ಪ ಕ್ಯಾಂಪಿಗೆ ಹೋಗುವುದಿಲ್ಲ ಅಂದರು, ಲಿಪಿಡ್ ಟೆಸ್ಟಿಗೆ ನಾಳೆ ಬೇಲೂರಿಗೆ ಹೋಗುತ್ತಾರೆ. ಅಪ್ಪನದೇ ಚಿಂತೆ. ಕಾಫಿ ಮುಗಿಯಲಿ, ಮೆಣಸು ಇಳಿಸಿಬಿಡೋಣ, ಆಮೇಲೆ ಒಂದೇ ಸಲ ಎಕೋಗೆ ಹೋಗೋಣ ಅನ್ನುತ್ತಾರೆ. ಅಂದರೆ ಮಾರ್ಚ್ ಆಗುತ್ತದೆ. ನಡೆಯುತ್ತದಾ?

ಎಕೋ_ರೂಮ್_ಹಾಸನ

ನಡೆಯುವುದಿಲ್ಲ ಅಕ್ಕ. ಮಾರ್ಚ್ ತನಕ ಬಿಟ್ಟರೆ ಕ್ಲಾಟ್ ನೋಡುವ ಸಮಯ ಕಳೆದುಹೋಗುತ್ತದೆ, ಮಾತ್ರೆ ಏರಿಸುವುದೂ ನಿಲ್ಲುತ್ತದೆ. ಆರು ವಾರ ಅಂದರೆ ಡಿಸೆಂಬರ್ 30 ಆಗುತ್ತದೆ, ಜನವರಿ ಮೊದಲ ವಾರ ಬನ್ನಿ. ತುದಿ ಅಲುಗಾಡುತ್ತಿಲ್ಲ ಅಂತ ಇರುವುದರಿಂದ ಅದಕ್ಕೂ ಮುಂಚೆಯೇ ಒಂದು ನೋಡಬೇಕಾ ಅಂತ ನಿಮ್ಮ ಕಾರ್ಡಿಯಾಲಜಿಸ್ಟಿಗೆ ನಾಳೆಯೇ ಫೋನ್ ಮಾಡಿ ಕೇಳಿ. ಜನವರಿಯಲ್ಲಿ ಇಎಫ್ 40 ದಾಟಿದ್ದರೆ ಮೆಷಿನ್ ಮಾತು ಬಹುತೇಕ ಅಲ್ಲಿಗೇ ಮುಗಿಯುತ್ತದೆ. 35ರ ಹತ್ತಿರವೇ ಇದ್ದರೆ, ಸ್ಟೆಂಟ್ ಹಾಕಿದ್ದು ನವೆಂಬರ್ 19 ಅಲ್ವಾ, 90 ದಿನ ಅಂದರೆ ಫೆಬ್ರವರಿ 17. ಅದಾದ ಮೇಲೆ ಇನ್ನೊಂದು.

ಎಕೋಗೆ ಖಾಲಿ ಹೊಟ್ಟೆ ಬೇಕಿಲ್ಲ, ತಿಂಡಿ ತಿಂದು ಮಾತ್ರೆ ನುಂಗಿಯೇ ಬರಲಿ. ಮುಂದೆ ಗುಂಡಿ ಇರುವ ಅಂಗಿ ಹಾಕಿಸಿ. ಎಡ ಮಗ್ಗುಲಿಗೆ ಮಲಗಿ ಎಡಗೈ ತಲೆಯ ಕೆಳಗಿಟ್ಟುಕೊಳ್ಳಬೇಕು, ಭುಜ ನೋವಿದ್ದರೆ ಮೊದಲೇ ಹೇಳಲಿ. ಮುಖ್ಯವಾಗಿ ಮೊದಲ ಎಕೋದ ರಿಪೋರ್ಟ್, ಸಿಡಿ ಕೊಟ್ಟಿದ್ದರೆ ಅದೂ ತನ್ನಿ. ಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ಗೋಡೆ ಎದ್ದಿದೆಯಾ ಇಲ್ಲವಾ ಅಂತ ಖಾತ್ರಿಯಾಗಿ ಹೇಳಬಹುದು. ಬಹಳ ಜನ ಅದನ್ನು ಮನೆಯಲ್ಲೇ ಬಿಟ್ಟು ಬರುತ್ತಾರೆ.